ಎಳ್ಳಿನ ಗಿಡದಿಂದ ಬಕೆಟ್ಟಿಗೆ: ಬುರುಡೆ ಪತಂಗಕ್ಕೆ ಕಟ್ಟಿದ ಗೂಡು

ಹೆಸರುಕಾಳಿನ ಹೊಲದ ಅಂಚಿಗೆ ಅವ್ವ ಪ್ರತಿ ವರ್ಷ ನಾಲ್ಕು ಸಾಲು ಎಳ್ಳು ಹಾಕುತ್ತಾಳೆ. ಮಾರಾಟಕ್ಕಲ್ಲ. ಚಳಿಗಾಲದಲ್ಲಿ ಸಜ್ಜೆ ರೊಟ್ಟಿಗೆ ಹಚ್ಚೋದಕ್ಕೆ, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಬುತ್ತಿಗೆ. ಜುಲೈ ಕೊನೆಯ ಭಾನುವಾರ ಆ ಸಾಲುಗಳಲ್ಲಿ ಕಳೆ ತೆಗೆಯುತ್ತಿದ್ದವಳು ಕುರ್ಚಗಿ ಕೈಯಲ್ಲಿ ಹಿಡಿದೇ ಕೂಗಿದಳು: "ಇಲ್ಲಿ ಬಾರೋ, ಹೆಬ್ಬೆರಳಿನಂಥಾ ಹುಳ ಕುಂತೈತಿ. ಮುಟ್ಟಬ್ಯಾಡ ಮತ್ತ, ಬಾಲದಾಗ ಕೊಂಬೈತಿ, ವಿಷ ಇರತೈತಿ."

ಹೋಗಿ ನೋಡಿದೆ. ಎಳ್ಳಿನ ದಂಟಿಗೆ ತಲೆಕೆಳಗಾಗಿ ಜೋತುಬಿದ್ದಿತ್ತು. ನನ್ನ ಹೆಬ್ಬೆರಳಿನಷ್ಟು ದಪ್ಪ, ಆಮೇಲೆ ಸ್ಕೇಲ್ ಇಟ್ಟು ನೋಡಿದಾಗ ಒಂಬತ್ತು ಸೆಂಟಿಮೀಟರ್. ಮೈಬಣ್ಣ ಹಳದಿ ಬೆರೆತ ಹಸಿರು, ಎಳ್ಳಿನ ಎಲೆ ಬಿಸಿಲಿಗೆ ತಿರುಗಿದಾಗ ಕಾಣುವಂಥದ್ದು. ಎರಡೂ ಪಕ್ಕದಲ್ಲಿ ಏಳೇಳು ಓರೆ ಪಟ್ಟಿ, ಒಂದೊಂದು ಪಟ್ಟಿಯ ಅಂಚಿಗೂ ನೀಲಿ ನೇರಳೆಯ ನೆರಳು. ಬಾಲದ ತುದಿಗೆ ಗಂಟುಗಂಟಾದ ಒರಟು ಕೊಂಬು, ಕೆಳಗೆ ಬಾಗಿ ತುದಿಯಲ್ಲಿ ಮೇಲಕ್ಕೆ ಸುರುಳಿಯಾಗಿತ್ತು. ಆ ಕೊಂಬಿನಲ್ಲಿ ವಿಷವಿಲ್ಲ, ಅದು ಕುಟುಕುವುದೂ ಇಲ್ಲ. ಹೀಗೆಂದು ಓದಿ ಗೊತ್ತಿತ್ತು, ಆದರೂ ಮೊದಲ ಸಲ ಬೆರಳು ಇಡುವಾಗ ಕೈ ಹಿಂಜರಿಯಿತು. ಇಟ್ಟೆ. ಮೆತ್ತಗಿತ್ತು. ಹುಳ ತಲೆ ಎತ್ತಿ ಎದೆಯ ಭಾಗವನ್ನು ಸೆಟೆಸಿ, ದವಡೆಯಿಂದ ಟಿಕ್ ಟಿಕ್ ಎಂದು ಸದ್ದು ಮಾಡಿತು. ನಾನು ಕೊಪ್ಪಳದಲ್ಲಿ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವನು. ಸ್ಟಾರ್ಟರಿನ ಕಾಂಟ್ಯಾಕ್ಟ್ ಸಡಿಲಾದಾಗ ಬರುವ ಸದ್ದು ಹಾಗೇ ಇರುತ್ತದೆ.

ಇದು ಎಳ್ಳಿನ ಕೊಂಬಿನ ಹುಳು, ಬುರುಡೆ ಪತಂಗದ ಮರಿ. ಬೆನ್ನ ಮೇಲೆ ಮನುಷ್ಯನ ತಲೆಬುರುಡೆಯಂಥ ಗುರುತು ಹೊತ್ತ ಪತಂಗ. ಹತ್ತು ವರ್ಷದ ಹಿಂದೆ ಒಂದು ರಾತ್ರಿ ಬಸ್‌ಸ್ಟ್ಯಾಂಡಿನ ದೀಪದ ಕೆಳಗೆ ಒಂದನ್ನು ಕಂಡಿದ್ದೆ, ಯಾರೋ ಚಪ್ಪಲಿಯಿಂದ ಹೊಡೆದು ಹಾಕಿದ್ದರು. ಅಂದಿನಿಂದ ಜೀವಂತ ಒಂದನ್ನು ಹತ್ತಿರದಿಂದ ನೋಡಬೇಕೆಂಬ ಆಸೆ. ಆ ದಿನ ನಾಲ್ಕೂ ಸಾಲು ಹುಡುಕಿದಾಗ ಏಳು ಹುಳ ಸಿಕ್ಕವು. ಹುಡುಕುವುದಕ್ಕೆ ಮೇಲೆ ನೋಡಬಾರದು, ಕೆಳಗೆ ನೋಡಬೇಕು. ಗಿಡದ ಬುಡದಲ್ಲಿ ಧನಿಯಾ ಕಾಳಿನಷ್ಟು ದೊಡ್ಡ ಕಪ್ಪು ಹಿಕ್ಕೆ ಬಿದ್ದಿದ್ದರೆ, ಸರಿಯಾಗಿ ಅದರ ಮೇಲೆಯೇ ಹುಳ ಕೂತಿರುತ್ತದೆ. ಒಂದು ಹಿಕ್ಕೆಯನ್ನು ಅಂಗೈಯಲ್ಲಿಟ್ಟು ನೋಡಿ: ಉದ್ದಕ್ಕೂ ಆರು ಗೀರು, ಅಚ್ಚಿನಲ್ಲಿ ಒತ್ತಿ ತೆಗೆದ ಹಾಗೆ.

ಮೊದಲ ಗೂಡು

ಮೊದಲ ಗೂಡು ಒಂದು ಗಂಟೆಯ ಕೆಲಸ, ಅದರ ತಪ್ಪುಗಳೂ ಅವಸರದವೇ. 20 ಲೀಟರಿನ ಖಾಲಿ ಪೇಂಟ್ ಬಕೆಟ್ ತೆಗೆದುಕೊಂಡೆ. ಬಿಸಿ ಸೋಲ್ಡರಿಂಗ್ ಐರನ್ನಿನಿಂದ ತಳದಲ್ಲಿ ಹನ್ನೆರಡು ತೂತು, ನೀರು ಬಸಿಯಲಿಕ್ಕೆ. ಪಕ್ಕದಲ್ಲಿ ಮೂರು ಸಾಲು ತೂತು, ಗಾಳಿಗೆ. ಪ್ಲಾಸ್ಟಿಕ್ ಕರಗುವ ಹೊಗೆ ಕೆಟ್ಟದ್ದು, ಇದನ್ನು ಹೊರಗೆ ಅಂಗಳದಲ್ಲೇ ಮಾಡಿ. ಬಾಯಿಗೆ ಸೊಳ್ಳೆ ಪರದೆಯ ತುಂಡು, ಸುತ್ತ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ. ತಳಕ್ಕೆ ಹೊಲದ್ದೇ ಎರೆಮಣ್ಣು ಆರು ಇಂಚು. ಹುಳ ಬೆಳೆದ ಹೊಲದ ಮಣ್ಣೇ ಅದಕ್ಕೆ ಒಗ್ಗುತ್ತದೆ ಎಂದು ನಂಬಿದ್ದೆ.

ಮೇವಿಗೆ ಎಳ್ಳಿನ ಟೊಂಗೆ. ಕಿತ್ತ ಎಳ್ಳು ಅರ್ಧ ಗಂಟೆಯಲ್ಲಿ ಬಾಡುತ್ತದೆ, ಬಾಡಿದ್ದನ್ನು ಹುಳ ಮೂಸುವುದಿಲ್ಲ. ಕಾಲು ಲೀಟರಿನ ನೀರಿನ ಬಾಟಲಿಯಲ್ಲಿ ಟೊಂಗೆ ನಿಲ್ಲಿಸಿ ಬಾಯಿಗೆ ಬಟ್ಟೆ ತುರುಕಿದೆ. ಆ ಬಟ್ಟೆ ಮುಖ್ಯ. ದಂಟಿನಗುಂಟ ಕೆಳಗಿಳಿದ ಹುಳ ಹಾಗೇ ನೀರಿಗೆ ಇಳಿದು ಮುಳುಗಿ ಸಾಯುತ್ತದೆ.

ತಿನ್ನುವುದನ್ನು ನೋಡುವುದೇ ಒಂದು ಕೆಲಸವಾಯಿತು. ರಾತ್ರಿ ಊಟ ಮುಗಿಸಿ ಪಡಸಾಲೆಯಲ್ಲಿ ಬಕೆಟ್ಟಿನ ಪಕ್ಕ ಕೂತರೆ ಸಣ್ಣ ಮಳೆ ಎಲೆ ಮೇಲೆ ಬಿದ್ದಂತೆ ಸದ್ದು. ಎಲೆಯ ಅಂಚನ್ನು ಮುಂಗಾಲುಗಳ ನಡುವೆ ಹಿಡಿದು, ತಲೆ ಮೇಲಿಂದ ಕೆಳಗೆ ಇಳಿಸುತ್ತಾ ಕೊಯ್ದು, ಮತ್ತೆ ಮೇಲಕ್ಕೆ. ಎದೆಯಲ್ಲಿ ಮೂರು ಜೊತೆ ಸಣ್ಣ ಕಾಲು, ಅವೇ ಮುಂದೆ ಪತಂಗದ ಕಾಲಾಗುವುದು. ಹಿಂದೆ ಐದು ಜೊತೆ ದಪ್ಪ ಹಿಡಿಕಾಲು, ದಂಟನ್ನು ಇಕ್ಕಳದಂತೆ ಕಚ್ಚಿ ಹಿಡಿಯುತ್ತವೆ. ಹಿಡಿದಲ್ಲಿಂದ ಕೀಳಲು ಹೋದರೆ ಮೈ ಹರಿದೀತೇ ಹೊರತು ಅದು ಬಿಡುವುದಿಲ್ಲ. ಆದ್ದರಿಂದ ಹುಳವನ್ನು ಕೀಳಬೇಡಿ, ಅದು ಕೂತ ದಂಟನ್ನೇ ಕತ್ತರಿಸಿ ಹೊಸ ಟೊಂಗೆಗೆ ತಾಗಿಸಿ ಇಡಿ, ತಾನೇ ದಾಟಿಕೊಳ್ಳುತ್ತದೆ.

ಏಳರಲ್ಲಿ ಮೂರು ಇನ್ನೂ ಚಿಕ್ಕವು, ಕಿರುಬೆರಳಿನಷ್ಟು. ಅವುಗಳ ಕೊಂಬು ಸುರುಳಿಯಾಗಿರಲಿಲ್ಲ, ಮೈಗೆ ಹೋಲಿಸಿದರೆ ಉದ್ದ, ನೆಟ್ಟಗೆ. ಒಂದು ಬೆಳಗ್ಗೆ ಅದರಲ್ಲೊಂದು ತಿನ್ನುವುದು ಬಿಟ್ಟು ದಂಟಿಗೆ ಅಂಟಿಕೊಂಡು ಕೂತಿತು, ಮರುದಿನವೂ ಹಾಗೇ. ಸತ್ತಿತೆಂದು ಅವ್ವ ಎಸೆಯಲು ಹೊರಟಿದ್ದಳು. ಸಂಜೆ ನಾನು ಬಂದಾಗ ತಲೆಯ ಹಿಂದೆ ಚರ್ಮ ಸೀಳಿ, ಹಳೆಯ ಅಂಗಿಯಿಂದ ನುಸುಳಿ ಮುಂದೆ ಬರುತ್ತಿತ್ತು. ಹೊರಬಂದ ಮೇಲೆ ಸ್ವಲ್ಪ ಸುಧಾರಿಸಿಕೊಂಡು, ಹಿಂದಿರುಗಿ ಆ ಚರ್ಮವನ್ನೇ ತಿಂದಿತು. ಮೊಟ್ಟೆಯಿಂದ ಬಂದ ಹುಳ ಹೀಗೆ ನಾಲ್ಕು ಸಲ ಅಂಗಿ ಕಳಚಿ ಐದನೆಯ ಹಂತಕ್ಕೆ ಬರುತ್ತದೆ. ಹೊಲದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಆ ಐದನೆಯ ಹಂತ.

ಎರಡನೆಯ ವಾರ ಎರಡು ಪೆಟ್ಟು ಬಿದ್ದವು. ಮಳೆ ಹಿಡಿದು ಹೊಲಕ್ಕೆ ಹೋಗಲಾಗದ ದಿನ, ಬದನೆ ಎಲೆಯನ್ನೂ ಈ ಹುಳ ತಿನ್ನುತ್ತದೆಂಬ ಧೈರ್ಯದಲ್ಲಿ ಬೇರೆಯವರ ತೋಟದಿಂದ ನಾಲ್ಕು ಬದನೆ ಎಲೆ ತಂದು ಹಾಕಿದೆ. ಬದನೆ, ಟೊಮೆಟೊ, ತಂಬಾಕು, ಮಲ್ಲಿಗೆ ಎಲ್ಲವೂ ಇದರ ಮೇವಿನ ಪಟ್ಟಿಯಲ್ಲಿವೆ, ವಿಷದ ಉಮ್ಮತ್ತಿ ಎಲೆಯನ್ನೂ ಅರಗಿಸಿಕೊಳ್ಳುತ್ತದೆ. ಆ ಬದನೆಗೆ ಔಷಧಿ ಹೊಡೆದಿದ್ದನ್ನು ನಾನು ಕೇಳಲಿಲ್ಲ. ತಿಂದ ಒಂದು ಹುಳ ರಾತ್ರಿಯೊಳಗೆ ಹಸಿರು ನೀರು ಕಾರಿ, ಮೈ ಸೆಳೆದು ಸತ್ತಿತು. ಮಿಕ್ಕವು ಬದನೆ ಮುಟ್ಟಿರಲಿಲ್ಲ, ಅದೇ ಪುಣ್ಯ. ಇನ್ನೊಂದರ ಪಕ್ಕೆಯ ಮೇಲೆ ಬಿಳಿ ಎಳ್ಳಿನಂಥ ಎರಡು ಚುಕ್ಕೆ ಮೊದಲ ದಿನವೇ ಕಂಡಿದ್ದೆ, ಏನೆಂದು ತಿಳಿದಿರಲಿಲ್ಲ. ಅವು ಟಾಕಿನಿಡ್ ನೊಣದ ಮೊಟ್ಟೆ. ಒಳಗಿಂದಲೇ ಹುಳವನ್ನು ತಿಂದು, ಬೆಳೆದ ನೊಣದ ಮರಿಗಳು ಮೈ ತೂತು ಮಾಡಿಕೊಂಡು ಹೊರಬಂದು ಮಣ್ಣಿನಲ್ಲಿ ಕಂದು ಗುಳಿಗೆಗಳಾದವು. ಹೊಲದಲ್ಲಿ ಈ ಪತಂಗದ ಸಂಖ್ಯೆಯನ್ನು ಹಿಡಿತದಲ್ಲಿಡುವವರಲ್ಲಿ ಆ ನೊಣವೂ ಒಂದು. ನನಗೆ ಬೇಸರವಾಯಿತು, ಆದರೆ ನೊಣವನ್ನು ಸಾಯಿಸಲಿಲ್ಲ. ಗುಳಿಗೆಗಳನ್ನು ಹೊಲದ ಬದುವಿಗೆ ಒಯ್ದು ಹಾಕಿ ಬಂದೆ.

ಎರೆಮಣ್ಣಿನ ತಪ್ಪು

ಮೊದಲು ಸಿಕ್ಕ ದೊಡ್ಡ ಹುಳ ಆಗಸ್ಟ್ 6ರಂದು ಬಣ್ಣ ಬದಲಿಸಿತು. ಬೆಳಗ್ಗೆ ಹಸಿರಿದ್ದದ್ದು ಸಂಜೆಗೆ ಮಾಸಲು, ಒದ್ದೆ ಬೆಲ್ಲದಂತೆ. ಮೈಯೆಲ್ಲ ಬಾಯಿಂದ ಸವರಿಕೊಳ್ಳುತ್ತಿತ್ತು, ತಲೆ ಹಿಂದಕ್ಕೆ ತಿರುಗಿಸಿ ಬೆನ್ನಿನವರೆಗೂ. ಆಮೇಲೆ ಗಿಡದಿಂದ ಇಳಿದು ಬಕೆಟ್ಟಿನ ಗೋಡೆಗುಂಟ ಸುತ್ತಲು ಶುರು ಮಾಡಿತು. ರಾತ್ರಿ ಹನ್ನೊಂದಕ್ಕೆ ನಾನು ಮಲಗುವಾಗಲೂ ಸುತ್ತುತ್ತಿತ್ತು. ಬೆಳಗ್ಗೆ ಮಣ್ಣಿನಲ್ಲೊಂದು ತೂತು, ಹುಳ ಇಲ್ಲ.

ಈ ಹುಳ ರೇಷ್ಮೆ ಹುಳದಂತೆ ಗೂಡು ನೇಯುವುದಿಲ್ಲ. ಮಣ್ಣಿನೊಳಗೆ ಇಳಿದು, ಮೈ ಹೊರಳಿಸಿ ಹೊರಳಿಸಿ ಸುತ್ತಲಿನ ಮಣ್ಣನ್ನು ಒತ್ತಿ ನುಣ್ಣನೆಯ ಒಂದು ಕೋಣೆ ಮಾಡಿಕೊಳ್ಳುತ್ತದೆ. ಅದರೊಳಗೆ ಕೊನೆಯ ಚರ್ಮ ಕಳಚಿ ಕೋಶವಾಗುತ್ತದೆ, ಅಂದರೆ ಹುಳ ಪತಂಗವಾಗುವ ಮುಂಚಿನ ಚಿಪ್ಪಿನ ಹಂತ. ಕೋಣೆ ಕುಸಿದರೆ ಅಥವಾ ಬಿಗಿದರೆ ಆ ಕಳಚುವ ಗಳಿಗೆಯಲ್ಲೇ ಅದರ ಕಥೆ ಮುಗಿಯುತ್ತದೆ.

ಎರೆಯ ಗುಣ ಗೊತ್ತಿದ್ದೂ ನಾನು ಎಡವಿದೆ. ಹಸಿಯಿದ್ದಾಗ ಅಂಟು, ಒಣಗಿದರೆ ಬಿರುಕು. ಹೊಲದಲ್ಲಿ ಒಂದು ಗೇಣು ಕೆಳಗೆ ಹೋದರೆ ಹಸಿ ಹಾಗೇ ಇರುತ್ತದೆ, ಮೇಲೆ ಬೆಳೆಯ ನೆರಳೂ ಇರುತ್ತದೆ. ಆರು ಇಂಚಿನ ಮಣ್ಣು, ಸುತ್ತಲೂ ತೂತಿನ ಬಕೆಟ್, ಮೇಲೆ ತಗಡಿನ ಪಡಸಾಲೆ: ನಾಲ್ಕೇ ದಿನದಲ್ಲಿ ಮಣ್ಣು ಬಕೆಟ್ಟಿನ ಅಂಚು ಬಿಟ್ಟು ಒಳಕ್ಕೆ ಸೇದಿತು, ನಡುವೆ ಬೆರಳು ಹೋಗುವಷ್ಟು ಬಿರುಕು. ಗಾಬರಿಯಾಗಿ ನೀರು ಹಾಕಿದೆ. ಅದು ಎರಡನೆಯ ತಪ್ಪು, ಬಿರುಕಿನಗುಂಟ ನೀರು ನೇರ ಕೋಣೆಗೆ ಇಳಿಯಿತು. ಹತ್ತನೆಯ ದಿನ ಹೆಂಟೆಯನ್ನು ಒಡೆದೆ. ಕೋಣೆಯ ಒಂದು ಪಕ್ಕ ಒಳಕ್ಕೆ ಕುಸಿದಿತ್ತು. ಹುಳ ಅರ್ಧ ಕೋಶವಾಗಿತ್ತು, ಹಳೆಯ ಚರ್ಮ ಸೊಂಟದಲ್ಲಿ ಸಿಕ್ಕಿಕೊಂಡು ನಿಂತಿತ್ತು. ಮುಂದಿನ ಅರ್ಧದಲ್ಲಿ ರೆಕ್ಕೆಯ ಅಚ್ಚು ಆಗಲೇ ಮೂಡಿತ್ತು. ಒಡೆದ ಹೆಂಟೆ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಅದನ್ನು ಹೊಲದಲ್ಲೇ ಬಿಟ್ಟಿದ್ದರೆ ಬದುಕುತ್ತಿತ್ತೇನೋ.

ಉಳಿದದ್ದು ನಾಲ್ಕು. ಅವು ಮಣ್ಣಿಗೆ ಇಳಿಯುವ ಮುಂಚೆ ಹೊಸ ಮಣ್ಣು ಬೇಕಿತ್ತು.

ಕೊಪ್ಪಳದ ಕಡೆಯಿಂದ ಒಂದು ಚೀಲ ಮಸಾರಿ ಮಣ್ಣು, ಅಂದರೆ ಕೆಂಪು ಮಣ್ಣು, ತಂದೆ. ಮೂರು ಪಾಲು ಮಸಾರಿ, ಒಂದು ಪಾಲು ಸಣ್ಣ ಉಸುಕು, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ. ಗೊಬ್ಬರ ಪೂರ್ತಿ ಕಳಿತು ಪುಡಿಯಾಗಿರಬೇಕು, ಹಸಿದಾದರೆ ಬಿಸಿಯೇಳುತ್ತದೆ. ಎಲ್ಲವನ್ನೂ ಜೋಳ ಸಾಣಿಸುವ ಸಾಣಿಗೆಯಲ್ಲಿ ಸಾಣಿಸಿದೆ, ಆಮೇಲೆ ತಗಡಿನ ಮೇಲೆ ಹರವಿ ಎರಡು ದಿನ ಬಿಸಿಲಿಗೆ ಇಟ್ಟೆ, ಇರುವೆ, ಗೆದ್ದಲು ಹೋಗಲೆಂದು. ಹದ ನೋಡುವುದು ಕೈಯಿಂದ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ನೀರು ಜಿನುಗಿದರೆ ಹೆಚ್ಚಾಯಿತು. ಬಕೆಟ್ಟಿನ ಪಕ್ಕದ ಕೆಳಗಿನ ಎರಡು ಸಾಲು ತೂತಿಗೆ ಟೇಪು ಹಚ್ಚಿ, ಹತ್ತು ಇಂಚು ತುಂಬಿ, ಹಗುರಾಗಿ ಒತ್ತಿ, ಮೇಲೆ ಒಣ ಎಲೆ. ನೀರು ಸುರಿಯುವುದು ಬಂದ್. ಮೂರು ದಿನಕ್ಕೊಮ್ಮೆ ಇಸ್ತ್ರಿಯವರ ಸ್ಪ್ರೇ ಬಾಟಲಿಯಿಂದ ಮೇಲ್ಮೈಗೆ ಮಾತ್ರ ತುಂತುರು. ಬಕೆಟ್ಟನ್ನು ತಗಡಿನ ಕೆಳಗಿಂದ ತೆಗೆದು ನೀರಿನ ಹರವಿ ಇಡುವ ಮೂಲೆಗೆ ಸರಿಸಿದೆ. ಮನೆಯಲ್ಲಿ ಅದೇ ತಂಪಾದ ಜಾಗ.

ನಾಲ್ಕೂ ಒಂದು ವಾರದ ಅಂತರದಲ್ಲಿ ಇಳಿದವು. ಹನ್ನೆರಡು ದಿನ ಕಾದು, ಚಮಚದಿಂದ ಅಂಚಿನಿಂದ ಒಳಕ್ಕೆ ಮಣ್ಣು ಕೆದರಿದೆ. ಆರು ಇಂಚಿನ ಕೆಳಗೆ ಚಮಚ ಟೊಳ್ಳಿಗೆ ಬಿತ್ತು. ಮೊಟ್ಟೆಯಾಕಾರದ ಕೋಣೆ, ಒಳಗೋಡೆ ಗಿಲಾಯಿ ಮಾಡಿದಷ್ಟು ನುಣುಪು, ಒಂದು ಮೂಲೆಯಲ್ಲಿ ಮುದುಡಿದ ಹಳೆಯ ಚರ್ಮ. ನಡುವೆ ಕೋಶ: ಐದೂವರೆ ಸೆಂಟಿಮೀಟರ್, ಹುಣಸೆ ಬೀಜದ ಬಣ್ಣ, ಎಣ್ಣೆ ಸವರಿದ ಹೊಳಪು. ಅಂಗೈಯ ಬಿಸಿ ತಾಗಿದ್ದೇ ಬಾಲದ ಕಡೆ ಗಿರ್ರನೆ ಒಂದು ಸುತ್ತು ತಿರುಗಿತು. ಅವ್ವನ ಕೈಗೆ ಕೊಟ್ಟೆ. "ಜೀವ ಐತೆಲ್ಲೋ ಇದಕ್ಕ!" ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ರೆಕ್ಕೆ ಬಿಡಿಸದ ಪತಂಗ

ನಾಲ್ಕನ್ನೂ ಮಣ್ಣಿನ ಮೇಲೆ ಒದ್ದೆ ಗೋಣಿ ತುಂಡಿನ ಮೇಲೆ ಸಾಲಾಗಿ ಮಲಗಿಸಿ, ಮೇಲೊಂದು ಗೋಣಿ ತುಂಡು ಹೊದಿಸಿದೆ. ಸೆಪ್ಟೆಂಬರ್ 3ರ ಬೆಳಗ್ಗೆ ಒಂದು ಕೋಶ ಕಪ್ಪಾಗಿತ್ತು. ಕಣ್ಣಿಗೆ ಹತ್ತಿರ ಹಿಡಿದರೆ ಚಿಪ್ಪಿನೊಳಗೆ ರೆಕ್ಕೆಯ ಗೆರೆಗಳು ಕಾಣುತ್ತಿದ್ದವು. ಅವತ್ತು ಅಂಗಡಿಯಲ್ಲಿ ಒಂದು ಸಬ್‌ಮರ್ಸಿಬಲ್ ಮೋಟರ್ ಕೊಡಲೇಬೇಕಿತ್ತು, ರಾತ್ರಿ ತಡವಾಗಿ ಬಂದು ಮಲಗಿಬಿಟ್ಟೆ.

ಬೆಳಗ್ಗೆ ಐದಕ್ಕೆ ಎದ್ದು ನೋಡಿದರೆ ಪತಂಗ ಹೊರಬಂದಿತ್ತು. ಮಣ್ಣಿನ ಮೇಲೆ ಕೂತಿತ್ತು. ರೆಕ್ಕೆ ಒದ್ದೆ ಕಾಗದ ಮುದುರಿ ಒಣಗಿದಂತೆ ಗಟ್ಟಿಯಾಗಿಬಿಟ್ಟಿತ್ತು. ಬಕೆಟ್ಟಿನ ಒಳಗೋಡೆಯ ತುಂಬ ಕಂದು ಕಲೆ, ಕಾಲು ಜಾರಿದ ಗೀರುಗಳು. ರಾತ್ರಿಯೆಲ್ಲ ಹತ್ತಲು ನೋಡಿ ಜಾರಿ ಜಾರಿ ಬಿದ್ದಿದೆ.

ಕೋಶದಿಂದ ಬಂದ ಪತಂಗದ ರೆಕ್ಕೆ ಉಗುರಿನಷ್ಟು ಇರುತ್ತದೆ, ಮೆತ್ತಗೆ. ಅದು ಮೊದಲು ಮಾಡುವ ಕೆಲಸವೆಂದರೆ ಎತ್ತರಕ್ಕೆ ಹತ್ತಿ ಜೋತುಬೀಳುವುದು. ಹಾಗೆ ಜೋತು ನಿಂತು ಮೈಯ ದ್ರವವನ್ನು ರೆಕ್ಕೆಯ ನರಗಳಿಗೆ ನೂಕುತ್ತದೆ, ರೆಕ್ಕೆ ಕೆಳಮುಖವಾಗಿ ಇಳಿದು ಬಿಡಿಸಿಕೊಳ್ಳುತ್ತದೆ, ಆಮೇಲೆ ಒಣಗಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಮತ್ತೆ ತಿದ್ದಲು ಬರುವುದಿಲ್ಲ. ಮಣ್ಣಿನ ಹದಕ್ಕೆ ಎರಡು ವಾರ ತಲೆ ಕೆಡಿಸಿಕೊಂಡ ನಾನು ಪ್ಲಾಸ್ಟಿಕ್ ಗೋಡೆಯ ನುಣುಪನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ಆ ಪತಂಗ ಐದು ದಿನ ಬದುಕಿತು. ಹಾರಲಾಗದ ಕಾರಣ ನನ್ನ ಕೈಯ ಮೇಲೆ ಕೂರುತ್ತಿತ್ತು, ಬುರುಡೆ ಪತಂಗವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದರಿಂದಲೇ. ಎದೆಯ ಮೇಲೆ ದಟ್ಟ ಕಂದು ಬೂದಿ ರೋಮ, ಅದರ ನಡುವೆ ಹಳದಿ ಕಂದು ಬಣ್ಣದ ಬುರುಡೆ: ಎರಡು ಕಪ್ಪು ಕಣ್ಣುಗುಳಿ, ಕೆಳಗೆ ದವಡೆಯ ಆಕಾರ. ಹೊಟ್ಟೆಗೆ ಹಳದಿ ಕಪ್ಪು ಪಟ್ಟಿ, ನಡುಬೆನ್ನಿಗೆ ನೀಲಿ ಬೂದಿಯ ಒಂದು ಗೆರೆ. ಹಿಂದಿನ ರೆಕ್ಕೆ, ಮುದುರಿದ್ದರೂ, ಹಳದಿ. ಅದರ ಮೇಲೆ ಎರಡು ಕಪ್ಪು ಪಟ್ಟಿ. ಆ ಹಳದಿಯೇ ಗುರುತು. ನಮ್ಮ ದೇಶದಲ್ಲಿ ಬುರುಡೆ ಪತಂಗಗಳು ಎರಡು ಜಾತಿ. ದೊಡ್ಡದರಲ್ಲಿ, ಅಕೆರೋಂಟಿಯಾ ಲ್ಯಾಕೆಸಿಸ್‌ನಲ್ಲಿ, ಹಿಂದಿನ ರೆಕ್ಕೆಯ ಬುಡವೇ ಕಪ್ಪು. ನಮ್ಮ ಎಳ್ಳಿನದು ಚಿಕ್ಕದು, ಅಕೆರೋಂಟಿಯಾ ಸ್ಟಿಕ್ಸ್, 1847ರಲ್ಲಿ ಇಂಗ್ಲೆಂಡಿನ ಕೀಟತಜ್ಞ ವೆಸ್ಟ್‌ವುಡ್ ಹೆಸರಿಟ್ಟದ್ದು. ಚಿಕ್ಕದೆಂದರೂ ರೆಕ್ಕೆ ಬಿಡಿಸಿದರೆ ಹತ್ತು ಸೆಂಟಿಮೀಟರ್ ಆಸುಪಾಸು. ಅಕೆರಾನ್, ಸ್ಟಿಕ್ಸ್ ಎರಡೂ ಗ್ರೀಕರ ಪುರಾಣದ ನದಿಗಳು, ನಮ್ಮ ವೈತರಣಿಯಂತೆ ಸತ್ತವರ ಲೋಕಕ್ಕೆ ಸೇರಿದವು. ಬೆನ್ನ ಮೇಲಿನ ಗುರುತು ನೋಡಿ ಅಲ್ಲಿಯವರೂ ಹೆದರಿದ್ದಾರೆ, ಇಲ್ಲಿಯವರೂ. "ಮಾರಿ ಮುಖ ಹೊತ್ತ ಬಂದೈತಿ, ಹೊರಗ ಬಿಡು" ಎಂದು ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ನಿಂತಳು.

ಅಜ್ಜಿ ನಿಜವಾಗಿ ಬೆಚ್ಚಿದ್ದು ಮುಖಕ್ಕಲ್ಲ, ಸದ್ದಿಗೆ. ಬೆನ್ನು ಮುಟ್ಟಿದರೆ ಈ ಪತಂಗ ಚೀಂ ಚೀಂ ಎಂದು ಕಿರುಚುತ್ತದೆ, ಸುಂಡಿಲಿ ಸಿಕ್ಕಿಬಿದ್ದಾಗಿನ ದನಿ. ಸದ್ದು ಬರುವುದು ರೆಕ್ಕೆಯಿಂದಲೋ ಕಾಲಿನಿಂದಲೋ ಅಲ್ಲ, ಬಾಯಿಯಿಂದ. ಗಂಟಲಿಗೆ ಗಾಳಿ ಎಳೆದುಕೊಳ್ಳುವಾಗ ಒಳಗಿನ ಒಂದು ಮಡಿಕೆ ಅದುರುತ್ತದೆ, ಗಾಳಿ ಹೊರಬಿಡುವಾಗ ಇನ್ನೊಂದು ದನಿ. ಹಾರ್ಮೋನಿಯಂ ತಿದಿ, ಅದರೊಳಗಿನ ರೀಡು, ಅಷ್ಟೇ. ಬೆರಳ ಮೇಲೆ ಕೂತಾಗ ಆ ಅದುರು ಉಗುರಿನವರೆಗೂ ತಿಳಿಯುತ್ತಿತ್ತು.

ಊಟ ಮಾಡಿಸಿದ್ದು ಹೀಗೆ. ಒಂದು ಚಮಚ ಜೇನಿಗೆ ನಾಲ್ಕು ಚಮಚ ನೀರು, ಬಾಟಲಿಯ ಮುಚ್ಚಳದಲ್ಲಿ. ಪತಂಗದ ಮುಂಗಾಲು ಮುಚ್ಚಳದ ಅಂಚಿಗೆ ತಾಗಿಸಿ, ಸುರುಳಿ ಸುತ್ತಿದ ನಾಲಿಗೆಯೊಳಗೆ ಮೊಂಡು ಸೂಜಿ ತೂರಿಸಿ ಮೆಲ್ಲಗೆ ಬಿಡಿಸಿ ಜೇನಿಗೆ ಇಳಿಸಬೇಕು. ಇದೇ ಕುಟುಂಬದ ಬೇರೆ ಪತಂಗಗಳಿಗೆ ಆಳವಾದ ಹೂವಿಗೂ ಮುಟ್ಟುವ ಉದ್ದನೆಯ ನಾಲಿಗೆ ಇರುತ್ತದೆ. ಇದರದು ಗಿಡ್ಡ, ದಪ್ಪ, ತುದಿ ಚೂಪು. ಹೂವಿಗೆ ಬಂದದ್ದಲ್ಲ, ಜೇನುಗೂಡಿನ ಮೇಣ ಚುಚ್ಚಲು ಬಂದದ್ದು. ರಾತ್ರಿ ತುಡುವೆ ಜೇನಿನ ಗೂಡಿಗೆ ನುಗ್ಗಿ, ಮೇಣದ ಮುಚ್ಚಳ ತೂತು ಮಾಡಿ ತುಪ್ಪ ಹೀರುತ್ತದೆ. ಯೂರೋಪು ಆಫ್ರಿಕಾಗಳಲ್ಲಿರುವ ಇದರ ಸಂಬಂಧಿಯ ಮೈಯಲ್ಲಿ ಜೇನುಹುಳದ ಮೈವಾಸನೆಯಂಥದ್ದೇ ರಾಸಾಯನಿಕಗಳು ಸಿಕ್ಕಿವೆ, ಆ ವಾಸನೆಯ ಮರೆಯಲ್ಲಿ ಗೂಡಿನೊಳಗೆ ಅಡ್ಡಾಡುತ್ತದೆ. ನನ್ನ ಪತಂಗ ಮೊದಲ ಹನಿ ತಾಗಿದ ಮೇಲೆ ಎರಡು ನಿಮಿಷ ಅಲುಗಲಿಲ್ಲ. ಹೀರುವಾಗ ಮೀಸೆ ಎರಡೂ ಮುಂದಕ್ಕೆ ಬಂದಿದ್ದವು.

ಎರಡನೆಯ ಗೂಡು, ಫ್ಯಾನ್ ಜಾಲರಿಯದು

ಅಂಗಡಿಯ ಹಿಂದೆ ಗುಜರಿಗೆ ಹಾಕಲು ಇಟ್ಟ ಹನ್ನೆರಡು ಇಂಚಿನ ಟೇಬಲ್ ಫ್ಯಾನಿನ ಜಾಲರಿಗಳಿದ್ದವು. ಅವುಗಳಲ್ಲಿ ಎರಡನ್ನು ಕೇಳಿ ತಂದೆ. ಜಾಲರಿಯ ಹೊರಬಳೆ ಪೇಂಟ್ ಬಕೆಟ್ಟಿನ ಬಾಯಿಯ ಮೇಲೆ ಕೂರುವಷ್ಟೇ ಅಗಲ. ಒಂದರ ನಡುವಿನ ಕಡ್ಡಿಗಳನ್ನೆಲ್ಲ ಕತ್ತರಿಸಿ ಬರೀ ಬಳೆ ಉಳಿಸಿಕೊಂಡೆ, ಅದು ಕೆಳಗೆ. ಪೂರ್ತಿ ಇರುವುದು ಮೇಲೆ. ನಡುವೆ ಎರಡಡಿ ಎತ್ತರಕ್ಕೆ ನಾಲ್ಕು ಬಿದಿರ ಸೀಳು, ಬಳೆಗೆ ಬೈಂಡಿಂಗ್ ತಂತಿಯಿಂದ ಬಿಗಿದದ್ದು. ತಂತಿಯ ತುದಿಗಳನ್ನು ಹೊರಗೇ ಮಡಿಸಬೇಕು, ಒಳಗೆ ಚಾಚಿದ್ದು ರೆಕ್ಕೆಗೆ ಚಾಕು.

ಸುತ್ತ ಗೋಡೆಗೆ ನೈಲಾನ್ ಸೊಳ್ಳೆ ಪರದೆ. ಅದೂ ಜಾರುತ್ತದೆಯೇ ಎಂದು ಈ ಸಲ ಮೊದಲೇ ನೋಡಿದೆ, ರೆಕ್ಕೆ ಮುದುರಿದ ಆ ಪತಂಗವನ್ನೇ ಮೇಲೆ ಬಿಟ್ಟು. ಹತ್ತಿತು, ಆದರೆ ಕಾಲಿನ ಕೊಕ್ಕೆ ಪರದೆಯ ಕಣ್ಣಿಗೆ ಸಿಕ್ಕಿಕೊಂಡು ಎರಡು ಸಲ ಒದ್ದಾಡಿತು. ಗೋಣಿ ಚೀಲದ ಮೇಲೆ ಬಿಟ್ಟಾಗ ತಡೆಯಿಲ್ಲದೆ ಹತ್ತಿತು. ಹಾಗಾಗಿ ನಾಲ್ಕು ಬೆರಳಗಲದ ಗೋಣಿ ಪಟ್ಟಿ ಆರು ಕತ್ತರಿಸಿ, ಬಕೆಟ್ಟಿನೊಳಗಿನ ಮಣ್ಣಿನ ಮಟ್ಟದಿಂದ ಮೇಲಿನ ಜಾಲರಿಯವರೆಗೂ ಎಲ್ಲೂ ತುಂಡಾಗದಂತೆ ಇಳಿಬಿಟ್ಟೆ, ದಬ್ಬಣ ಸುತಳಿಯಿಂದ ಪರದೆಗೆ ಹೊಲಿದೆ. ಮೇಲಿನ ಜಾಲರಿಯ ಒಳಮೈಗೂ ಒಂದು ಗೋಣಿ ವೃತ್ತ. ಹೊಲಿಗೆಗೆ ಎರಡು ಸಂಜೆ ಹಿಡಿಯಿತು, ಅರ್ಧ ಅವ್ವ ಹಾಕಿದ್ದು. ಅವಳ ಹೊಲಿಗೆ ನನ್ನದಕ್ಕಿಂತ ಬಿಗಿ. ಒಂದು ಪಕ್ಕದಲ್ಲಿ ಕೈ ಹೋಗುವಷ್ಟು ಸೀಳು ಬಿಟ್ಟು ಬಟ್ಟೆ ಕ್ಲಿಪ್ಪು ಹಾಕಿದೆ. ಬಕೆಟ್ಟಿಗೂ ಕೆಳಬಳೆಗೂ ನಡುವೆ ಮೂರು ತಂತಿ ಕೊಕ್ಕೆ.

ಖರ್ಚೆಂದರೆ ಪರದೆ, ಸುತಳಿಗೆ ನೂರು ರೂಪಾಯಿಯೊಳಗೆ. ಇದನ್ನು ಯಾರಾದರೂ ಕಟ್ಟುವುದಾದರೆ ಅಗಲವನ್ನು ಮಾತ್ರ ಕಡಿಮೆ ಮಾಡಬೇಡಿ. ಹತ್ತಲು ಒಂದಡಿ ಎತ್ತರ ಇದ್ದರೂ ಸಾಕು, ಆದರೆ ರೆಕ್ಕೆ ಇಳಿಬೀಳುವಾಗ ಪಕ್ಕಕ್ಕೆ ಏನೂ ತಾಗಬಾರದು.

ಸೆಪ್ಟೆಂಬರ್ 11, ಸಂಜೆ ಏಳೂ ಹತ್ತು. ಈ ಸಲ ಮನೆಯಲ್ಲೇ ಇದ್ದೆ. ಎರಡನೆಯ ಕೋಶದ ತಲೆಯ ಕಡೆ ಚಿಟ್ಟೆಂದು ಒಂದು ಬಿರುಕು. ಚಿಪ್ಪಿನ ಮುಚ್ಚಳ ಎತ್ತಿದಂತೆ ತೆರೆದು, ಕಾಲು ಮುಂದೆ, ಆಮೇಲೆ ಒದ್ದೆ ತಲೆ. ಒಂದು ನಿಮಿಷವೂ ಹಿಡಿಯಲಿಲ್ಲ, ಪೂರ್ತಿ ಹೊರಗೆ. ಗೋಣಿ ತುಂಡಿನ ಮೇಲೆ ಅತ್ತ ಇತ್ತ ಓಡಾಡಿ ಪಟ್ಟಿಯೊಂದಕ್ಕೆ ತಾಗಿತು, ಹತ್ತಿತು. ಕೆಳಬಳೆ ದಾಟಿತು. ಬಿದಿರಿನ ಮಧ್ಯ ನಿಂತು ಮತ್ತೆ ಹತ್ತಿತು. ಮೇಲಿನ ಜಾಲರಿಗೆ ನಾಲ್ಕು ಬೆರಳು ಕೆಳಗೆ ನಿಂತು, ಮುಂಗಾಲು ಗೋಣಿ ನಾರಿಗೆ ಸಿಕ್ಕಿಸಿ ಜೋತುಬಿದ್ದಿತು. ನಾನೂ ಅವ್ವನೂ ಬ್ಯಾಟರಿ ದೀಪಕ್ಕೆ ಕೆಂಪು ಕವರು ಸುತ್ತಿ ಹಿಡಿದು ಕೂತಿದ್ದೆವು. ರೆಕ್ಕೆ ಬೆಳೆಯುವುದು ಕಣ್ಣಿಗೆ ಕಾಣುವಷ್ಟು ಬೇಗ. ಮೊದಲು ಬುಡ ಉಬ್ಬಿತು, ಮುದುರುಗಳು ಒಂದೊಂದೇ ಸಡಿಲಾಗಿ ಕೆಳಕ್ಕೆ ಇಳಿದವು, ಇಪ್ಪತ್ತೈದು ನಿಮಿಷಕ್ಕೆ ಪೂರಾ ಅಳತೆಗೆ ಬಂದವು. ಆಗ ಚಿಟ್ಟೆಯಂತೆ ಬೆನ್ನ ಮೇಲೆ ಜೋಡಿಸಿ ಹಿಡಿದಿತ್ತು. ಒಣಗಿದ ಮೇಲೆ ಮನೆ ಚಾವಣಿಯಂತೆ ಇಳಿಜಾರಾಗಿ ಮಡಚಿತು, ಬುರುಡೆ ಕಾಣಿಸಿತು. ಕೆಳಗಿನ ಗೋಣಿಗೆ ಇಟ್ಟಿಗೆ ಬಣ್ಣದ ಒಂದು ಹನಿ ಬಿಟ್ಟಿತು. ಕೋಶದೊಳಗೆ ಮೈ ಕಟ್ಟುವಾಗ ಉಳಿದ ಕಲ್ಮಷ ಅದು, ರಕ್ತವಲ್ಲ.

ಮರುದಿನ ಕತ್ತಲಾದ ಮೇಲೆ ಎಳ್ಳಿನ ಸಾಲಿನ ಹತ್ತಿರ ಒಯ್ದೆವು. ಹೆಸರು ಆಗಲೇ ಬಿಡಿಸಿ ಆಗಿತ್ತು, ಎಳ್ಳು ಕೊಯ್ದು ಸಿವುಡು ಕಟ್ಟಿ ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದಳು ಅವ್ವ. ಕ್ಲಿಪ್ಪು ತೆಗೆದು ಪತಂಗವನ್ನು ಸಿವುಡಿನ ಮೇಲೆ ಬಿಟ್ಟೆ. ತಕ್ಷಣ ಹಾರಲಿಲ್ಲ. ರೆಕ್ಕೆಯನ್ನು ಅರ್ಧ ಎತ್ತಿ ಗಡಗಡ ನಡುಗಿಸಿತು, ಮೈ ಬಿಸಿಯಾಗುವವರೆಗೆ ಇಂಥ ಭಾರದ ಪತಂಗಗಳು ಹಾರಲಾರವು. ಎರಡು ಮೂರು ನಿಮಿಷ ಆ ನಡುಕ, ಆಮೇಲೆ ಎದ್ದದ್ದೇ ಬದುವಿನ ಜಾಲಿಯ ಮೇಲಿಂದ ಹೋಯಿತು.

"ಮುಂದಿನ ವರ್ಷ ನನ್ನ ಎಳ್ಳು ತಿನ್ನಾಕ ಮರಿ ಇಡತೈತಿ," ಎಂದಳು ಅವ್ವ. ಅವಳ ಲೆಕ್ಕ ಸರಿ. ಆದರೆ ನಾಲ್ಕು ಸಾಲಿಗೆ ಏಳು ಹುಳ ಅಂದರೆ ಔಷಧಿ ಹೊಡೆಯುವ ಮಾತಲ್ಲ. ಹೆಚ್ಚಾಗಿ ಕಂಡ ವರ್ಷ ಕೈಯಿಂದ ಆರಿಸಿದರೆ ಸಾಕು, ಹಿಕ್ಕೆ ನೋಡಿ ಹುಡುಕಿದರೆ ಒಂದೂ ತಪ್ಪುವುದಿಲ್ಲ. ಕೊಯ್ಲಾದ ಮೇಲೆ ಆಳವಾಗಿ ನೇಗಿಲು ಹೊಡೆದರೆ ಮಣ್ಣಿನೊಳಗಿನ ಕೋಶಗಳು ಮೇಲೆ ಬೀಳುತ್ತವೆ, ನೇಗಿಲ ಹಿಂದೆ ಬರುವ ಗೊರವಂಕ, ಬೆಳ್ಳಕ್ಕಿ ಆರಿಸಿಕೊಳ್ಳುತ್ತವೆ. ಎರಡು ಹುಳಕ್ಕೆ ಪಂಪು ಹೆಗಲಿಗೇರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಔಷಧಿಗೆ ಎಳ್ಳಿನ ಹೂವಿಗೆ ಬಂದ ಜೇನುಹುಳವೂ ಬೀಳುತ್ತದೆ.

ಇನ್ನೆರಡು ಕೋಶ ಹೊರಬರಲಿಲ್ಲ. ಸೆಪ್ಟೆಂಬರ್ ಮುಗಿಯಿತು, ಅಕ್ಟೋಬರ್ ಮುಗಿಯಿತು. ಕೊಳೆತಿವೆಯೆಂದು ಒಮ್ಮೆ ತೆಗೆದು ನೋಡಿದೆ. ವಾಸನೆ ಇಲ್ಲ, ತೂಕ ಕಡಿಮೆಯಾಗಿಲ್ಲ, ಮಡಿಕೆಗಳ ನಡುವೆ ಬೂಷ್ಟು ಇಲ್ಲ. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರಕ್ಕೆ ಪತಂಗವಾಗುವ ಕೋಶವೇ, ಚಳಿ ಬರುವ ಹೊತ್ತಿಗೆ ಸಿಕ್ಕರೆ ತಿಂಗಳುಗಟ್ಟಲೆ ನಿದ್ದೆಗೆ ಇಳಿಯುತ್ತದೆ. ಹಾಗಾದರೆ ಇವು ಮುಂಗಾರಿಗೆ ಏಳಬೇಕು. ಗೋಣಿಯ ಮೇಲಿಂದ ತೆಗೆದು, ಮಸಾರಿ ಮಣ್ಣಿನಲ್ಲಿ ಬೆರಳಿನಿಂದ ಎರಡು ಗುಂಡಿ ಒತ್ತಿ ಅದರೊಳಗೆ ಮಲಗಿಸಿ, ಮೇಲೆ ಸಡಿಲ ಮಣ್ಣು ಮುಚ್ಚಿದ್ದೇನೆ. ತುಂತುರು ಈಗ ವಾರಕ್ಕೊಮ್ಮೆ. ಇರುವೆ ಬಾರದಂತೆ ಬಕೆಟ್ಟನ್ನು ನೀರು ತುಂಬಿದ ಅಗಲ ಬೋಗುಣಿಯಲ್ಲಿ ಮೂರು ಇಟ್ಟಿಗೆ ಚೂರಿನ ಮೇಲೆ ಇಟ್ಟಿದ್ದೇನೆ. ಒಂದು ಗೋಣಿ ಪಟ್ಟಿಯನ್ನು ಇಲಿ ಕಡಿದಿತ್ತು, ಬದಲಿಸಿದೆ. ಕೆಳಬಳೆಯ ಒಂದು ಕಡೆ ತುಕ್ಕು ಕಾಣುತ್ತಿದೆ, ಬೇಸಿಗೆಯೊಳಗೆ ಉಜ್ಜಿ ಬಣ್ಣ ಹಚ್ಚಬೇಕು.

ಮೊನ್ನೆ ರಾತ್ರಿ ಚಳಿ ಹೆಚ್ಚಿತ್ತು. ಅವ್ವ ಹರವಿಯಿಂದ ನೀರು ತುಂಬಿಕೊಳ್ಳುವಾಗ ಬಕೆಟ್ಟಿನ ಮೇಲೆ ತನ್ನ ಹಳೆಯ ಸೀರೆಯ ತುಂಡೊಂದನ್ನು ಹೊದಿಸಿದ್ದಾಳೆ. ಗಾಳಿಯಾಡಲು ಒಂದು ಮೂಲೆ ಎತ್ತಿ ಕ್ಲಿಪ್ಪು ಹಾಕಿ, ಮಿಕ್ಕದ್ದನ್ನು ಹಾಗೇ ಬಿಟ್ಟಿದ್ದೇನೆ.